ಪಿಟಿಎ ದುಡ್ಡು ಒಬ್ಬರ ಖಾತೆಯಲ್ಲಿ, ಲೆಕ್ಕ ಕೇಳಿದರೆ ಗ್ರೂಪೇ ಬಂದ್! ಏನು ಮಾಡಬೇಕು?

ಬನಶಂಕರಿ_ಪೋಷಕಿ

ನಮಸ್ಕಾರ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಸಲಹೆ ಕೊಡಿ.

ನನ್ನ ಮಗಳು ಬೆಂಗಳೂರು ದಕ್ಷಿಣದ ಒಂದು ಖಾಸಗಿ ಶಾಲೆಯಲ್ಲಿ ಐದನೇ ಕ್ಲಾಸು. ಸ್ಟೇಟ್ ಸಿಲಬಸ್, ಅನುದಾನರಹಿತ ಶಾಲೆ. ಹೆಸರು ಹೇಳುವುದಿಲ್ಲ, ಯಾರೂ ಊಹೆ ಮಾಡಲೂ ಹೋಗಬೇಡಿ. ಈ ವರ್ಷದ ಮೊದಲ ಪೋಷಕರ ಸಭೆಯಲ್ಲಿ ನನ್ನನ್ನು ಪಿಟಿಎ, ಅಂದರೆ ಪೋಷಕ-ಶಿಕ್ಷಕರ ಸಂಘದ ಖಜಾಂಚಿ ಮಾಡಿದರು. ಪ್ರಿನ್ಸಿಪಾಲ್ ಮೇಡಂ ನನ್ನ ಹೆಸರು ಓದಿದರು, ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಆಯ್ಕೆ ಆಗಿದ್ದು ಹೀಗೆ.

ನಮ್ಮಲ್ಲಿ ಒಂದು ಮಗುವಿಗೆ ವರ್ಷಕ್ಕೆ 600 ರೂಪಾಯಿ ಪಿಟಿಎ ಚಂದಾ. ಹತ್ತಿರ ಹತ್ತಿರ 400 ಮಕ್ಕಳಿದ್ದಾರೆ. ಎಲ್ಲರೂ ಕೊಟ್ಟರೆ 2.4 ಲಕ್ಷ ಆಗುತ್ತದೆ. ಶಿಕ್ಷಕರ ದಿನಾಚರಣೆ, ರಾಜ್ಯೋತ್ಸವ, ಸ್ಪೋರ್ಟ್ಸ್ ಡೇ ಶಾಮಿಯಾನ, ದೀಪಾವಳಿಗೆ ಆಯಾಗಳಿಗೆ ಸೀರೆ, ಎಲ್ಲಾ ಇದರಲ್ಲೇ. ಈ ದುಡ್ಡು ಇಷ್ಟು ವರ್ಷ ಹಿಂದಿನ ಅಧ್ಯಕ್ಷೆಯ ಸ್ವಂತ ಯುಪಿಐ ನಂಬರಿಗೆ ಹೋಗಿದೆ. ರಸೀದಿ ಪುಸ್ತಕ ಇಲ್ಲ. ನಡಾವಳಿ ಪುಸ್ತಕ ಇಲ್ಲ. ಬೈಲಾ (ಸಂಘದ ನಿಯಮಾವಳಿ) ಅಂತೂ ಇಲ್ಲವೇ ಇಲ್ಲ. ಈಗ ಉಳಿದಿರುವುದು ಎಷ್ಟು ಅಂತ ಕೇಳಿದರೆ 'ಒಂದೂವರೆ ಲಕ್ಷದ ಮೇಲಿದೆ' ಅಂದರು.

ಪ್ರಿನ್ಸಿಪಾಲ್ ಈಗ ಆ ದುಡ್ಡಲ್ಲಿ ಎರಡು ಕ್ಲಾಸಿಗೆ ಸ್ಮಾರ್ಟ್ ಬೋರ್ಡ್ ಹಾಕಿಸೋಣ ಅನ್ನುತ್ತಿದ್ದಾರೆ. ಹಿಂದಿನ ವರ್ಷದ ಜಮಾ ಖರ್ಚು ಒಂದು ಪುಟದಲ್ಲಿ ಹಾಕಿ ಅಂತ ಪೋಷಕರ ವಾಟ್ಸಾಪ್ ಗ್ರೂಪಲ್ಲಿ ಮರ್ಯಾದೆಯಿಂದಲೇ ಕೇಳಿದೆ. ಹಿಂದಿನ ಅಧ್ಯಕ್ಷೆಗೆ ತುಂಬಾ ಬೇಜಾರಾಯಿತು. 'ನನ್ನ ಮೇಲೇ ಅನುಮಾನವಾ?' ಅಂದರು. ಸಂಜೆಯೊಳಗೆ ಅಡ್ಮಿನ್‌ಗಳನ್ನು ಬಿಟ್ಟು ಬೇರೆ ಯಾರೂ ಮೆಸೇಜ್ ಹಾಕದ ಹಾಗೆ ಗ್ರೂಪನ್ನು ಬಂದ್ ಮಾಡಿದರು.

ಅವರು ದುಡ್ಡು ತಿಂದಿದ್ದಾರೆ ಅಂತ ನಾನು ಹೇಳುತ್ತಿಲ್ಲ. ವಾರ್ಷಿಕೋತ್ಸವಕ್ಕೆ ರಾತ್ರಿ ಹನ್ನೊಂದರವರೆಗೆ ನಿಂತು ಸ್ಟೇಜ್ ಕಟ್ಟಿಸಿದವರು ಅವರು. ಆದರೆ ಈ ವರ್ಷದ ವಸೂಲಿ ನನ್ನ ಹೆಸರಲ್ಲಿ ಶುರುವಾಗಬೇಕು. ದುಡ್ಡು ಯಾವ ಖಾತೆಗೆ ಹಾಕಿಸಲಿ? ನಿಯಮ ಅಂತ ಬರೆಯುವುದಾದರೆ ಎಲ್ಲಿಂದ ಶುರು ಮಾಡಲಿ? ಪ್ರಿನ್ಸಿಪಾಲ್ ಕೇಳಿದ ತಕ್ಷಣ ಕೊಡಲೇಬೇಕಾ?

ಕತ್ರಿಗುಪ್ಪೆ_ಅಪ್ಪ

ನಿಮ್ಮ ಸ್ವಂತ ಖಾತೆಗೆ ಮಾತ್ರ ಹಾಕಿಸಬೇಡಿ ಮೇಡಂ. ಒಂದು ರೂಪಾಯಿ ಕೂಡ ಬೇಡ.

ಯಲಹಂಕ_7ಬಿ

ನಮ್ಮಲ್ಲೂ ಹೀಗೇ ಇದೆ. ಹೋದ ವರ್ಷ ಲೆಕ್ಕ ಕೇಳಿದ ಒಬ್ಬ ತಂದೆಯನ್ನು ಗ್ರೂಪಿಂದಲೇ ತೆಗೆದರು. ನಿಮ್ಮ ಮಗಳು ಇನ್ನೂ ಐದು ವರ್ಷ ಅಲ್ಲೇ ಓದಬೇಕು ಅಲ್ವಾ? ಸುಮ್ನೆ ಯಾಕೆ ಎಲ್ಲರ ಕಣ್ಣಿಗೆ ಬೀಳುತ್ತೀರಿ. ಖಜಾಂಚಿ ಕೆಲಸ ಆಗುವುದಿಲ್ಲ ಅಂತ ಬರೆದುಕೊಟ್ಟು ಹೊರಗೆ ಬನ್ನಿ.

ಕತ್ರಿಗುಪ್ಪೆ_ಅಪ್ಪ

ಇದೇ ಭಯಕ್ಕೆ ಎಲ್ಲರೂ ಬಾಯಿ ಮುಚ್ಚಿಕೊಂಡಿರುವುದು. ಮಗು ಅಲ್ಲಿ ಓದುತ್ತಿದೆ ಅಂತಲೇ ಅಲ್ವಾ ಕೇಳಬೇಕಾಗಿರುವುದು? ಇವರು ಬಿಟ್ಟರೆ ಮುಂದಿನ ಖಜಾಂಚಿ ಮತ್ತೆ ತನ್ನ ನಂಬರ್ ಕೊಡುತ್ತಾರೆ. ಅಷ್ಟೇ ಬದಲಾವಣೆ.

ಲೆಕ್ಕಿಗ_ಮಲ್ಲೇಶ್ವರ

ನಾನು ಚಾರ್ಟರ್ಡ್ ಅಕೌಂಟೆಂಟ್. ಇಂಥ ಸಣ್ಣ ಸಂಘಗಳ ಲೆಕ್ಕ ನೋಡಿದ ಅನುಭವದಿಂದ ಹೇಳುತ್ತೇನೆ.

ದುಡ್ಡು ಒಬ್ಬರ ಸ್ವಂತ ಖಾತೆಯಲ್ಲಿದ್ದರೆ ಕಳ್ಳತನಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಬ್ಯಾಂಕಿನ ಲೆಕ್ಕದಲ್ಲಿ ಅದು ಅವರ ದುಡ್ಡು. ಅವರಿಗೆ ಏನಾದರೂ ಹೆಚ್ಚುಕಮ್ಮಿ ಆದರೆ ಬ್ಯಾಂಕು ಅದನ್ನು ನಾಮಿನಿ ಕೈಗೆ ಕೊಡುತ್ತದೆ. ಪಿಟಿಎಗೆ ಕೊಡುವುದಿಲ್ಲ. ಅವರ ಯಾವುದೋ ಸಾಲಕ್ಕೆ ಖಾತೆ ತಡೆಹಿಡಿದರೆ ನಿಮ್ಮ ಶಾಮಿಯಾನದ ದುಡ್ಡೂ ಅದರೊಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಆದಾಯ ತೆರಿಗೆಯವರು ಕೇಳಿದರೆ ಉತ್ತರ ಕೊಡಬೇಕಾದವರೂ ಅವರೇ. ಹಾಗಾಗಿ ಲೆಕ್ಕ ಬರೆದು ಒಪ್ಪಿಸಿದರೆ ಮೊದಲು ಲಾಭ ಆಗುವುದು ಅವರಿಗೆ. ಈ ಮಾತನ್ನು ಗ್ರೂಪಲ್ಲಿ ಹೇಳಬೇಡಿ. ಮನೆಗೆ ಹೋಗಿ ಕೂತು ಹೇಳಿ.

ಖಾತೆ ವಿಷಯ. ನೋಂದಣಿ ಆಗದ ಸಂಘವೂ ಬ್ಯಾಂಕ್ ಖಾತೆ ತೆಗೆಯಬಹುದು. ಬರೆದ ನಿಯಮಾವಳಿ ಬೇಕು. ಖಾತೆ ತೆಗೆಯಲು, ಇಂಥವರು ಸಹಿ ಮಾಡಲು ಅಂತ ಸಭೆಯ ಠರಾವು ಬೇಕು. ಸಹಿ ಮಾಡುವವರ ಕೆವೈಸಿ ಬೇಕು. ಸಂಘದ ಹೆಸರಲ್ಲೇ ಒಂದು ಪ್ಯಾನ್ ತೆಗೆದುಕೊಳ್ಳಿ, ಕಷ್ಟ ಏನಿಲ್ಲ. ಕೆಲವು ಶಾಖೆಯಲ್ಲಿ ಸೇವಿಂಗ್ಸ್ ಆಗುವುದಿಲ್ಲ, ಕರೆಂಟ್ ಖಾತೆ ಮಾಡಿ ಅನ್ನುತ್ತಾರೆ. ಹಾಗಾದರೆ ಕನಿಷ್ಠ ಬ್ಯಾಲೆನ್ಸ್ ಎಷ್ಟು, ಇಲ್ಲದಿದ್ದರೆ ದಂಡ ಎಷ್ಟು ಅಂತ ಮೊದಲೇ ಕೇಳಿ. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಮೂವರಲ್ಲಿ ಯಾರಾದರೂ ಇಬ್ಬರ ಸಹಿ ಇದ್ದರೆ ಮಾತ್ರ ದುಡ್ಡು ಹೊರಗೆ ಹೋಗಬೇಕು. ಗಂಡ ಹೆಂಡತಿ ಇಬ್ಬರೂ ಆ ಮೂವರಲ್ಲಿ ಇರಬಾರದು.

ವಿಜಯನಗರ_ಅಂಗಡಿ

ಯುಪಿಐ ಅಂದ ತಕ್ಷಣ ನೆನಪಾಯಿತು. 2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್‌ನವರಿಗೆಲ್ಲ ಜಿಎಸ್‌ಟಿ ನೋಟಿಸ್ ಬಂದಿದ್ದು ಯುಪಿಐ ಲೆಕ್ಕ ನೋಡಿಯೇ. ನಮ್ಮ ರಸ್ತೆಯಲ್ಲಿ 'ಯುಪಿಐ ಇಲ್ಲ, ಕ್ಯಾಶ್ ಮಾತ್ರ' ಅಂತ ಬೋರ್ಡ್ ಹಾಕಿದ್ದರು. ಪಿಟಿಎ ದುಡ್ಡು ಕ್ಯಾಶಲ್ಲೇ ತೆಗೆದುಕೊಳ್ಳುವುದು ವಾಸಿ.

ಲೆಕ್ಕಿಗ_ಮಲ್ಲೇಶ್ವರ

ಬೇಡವೇ ಬೇಡ. ಕ್ಯಾಶ್ ಆದರೆ ಯಾರು ಕೊಟ್ಟರು, ಎಷ್ಟು ಕೊಟ್ಟರು ಅನ್ನುವುದಕ್ಕೆ ಜಾಡೇ ಇರುವುದಿಲ್ಲ. ಆ ನೋಟಿಸ್ ಬಂದಿದ್ದು ವಹಿವಾಟು ಮಿತಿ ದಾಟಿದೆ ಅಂತ. ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ. 2.4 ಲಕ್ಷದ ಚಂದಾಗೆ ಅದರ ಹೆದರಿಕೆ ಬೇಡ. ಆದರೆ ಒಬ್ಬರು ಸ್ವಂತ ವ್ಯಾಪಾರಕ್ಕೂ ಪಿಟಿಎಗೂ ಒಂದೇ ನಂಬರ್ ಬಳಸುತ್ತಿದ್ದರೆ ಈ ಚಂದಾ ಕೂಡ ಅವರ ವ್ಯಾಪಾರದ ಹಾಗೆ ಕಾಣುತ್ತದೆ.

ಬನಶಂಕರಿ_ಪೋಷಕಿ

ಸರ್, ಅವರಿಗೆ ಬೊಟೀಕ್ ಇದೆ. ಅದೇ ನಂಬರ್.

ಲೆಕ್ಕಿಗ_ಮಲ್ಲೇಶ್ವರ

ಹಾಗಾದರೆ ನಾಳೆಯೇ ಮಾತಾಡಿ. ನಿಮ್ಮ ವ್ಯಾಪಾರದ ಲೆಕ್ಕದಿಂದ ಈ ದುಡ್ಡನ್ನು ಬಿಡಿಸಿ ಕೊಡುತ್ತೇವೆ, ನೀವು ಸ್ಟೇಟ್‌ಮೆಂಟ್ ಕೊಡಿ ಅಂತ ಕೇಳಿ. ಅವರ ಆಡಿಟರ್ ಕೂಡ ಇದನ್ನೇ ಹೇಳುತ್ತಾರೆ.

ಹೊಸಕೆರೆಹಳ್ಳಿಯವ

ಇಷ್ಟೆಲ್ಲ ಯಾಕೆ? ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ ಪ್ರಕಾರ ಪ್ರತಿ ಶಾಲೆಯಲ್ಲೂ ಆಡಳಿತ ಸಮಿತಿ ಕಡ್ಡಾಯ. ಮುಕ್ಕಾಲು ಪಾಲು ಪೋಷಕರೇ ಇರಬೇಕು. ನಿಮ್ಮ ಶಾಲೆ ಕಾನೂನು ಮುರಿದಿದೆ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಒಂದು ದೂರು ಕೊಡಿ, ಎರಡೇ ದಿನದಲ್ಲಿ ಲೆಕ್ಕ ಹೊರಗೆ ಬರುತ್ತದೆ.

ನಿವೃತ್ತ_ಮೇಷ್ಟ್ರು

ತಪ್ಪು ಮಾಹಿತಿ ಕೊಡಬೇಡಿ. 2009ರ ಆರ್‌ಟಿಇ ಕಾಯ್ದೆಯ 21ನೇ ಸೆಕ್ಷನ್ ಅನುದಾನರಹಿತ ಖಾಸಗಿ ಶಾಲೆಗಳಿಗೆ ಅನ್ವಯ ಆಗುವುದಿಲ್ಲ. ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಅನ್ನುವುದು ಸರ್ಕಾರಿ, ಅನುದಾನಿತ ಶಾಲೆಗಳಿಗೆ. ಈ ತಾಯಿಯ ಶಾಲೆ ಅದರಲ್ಲಿ ಬರುವುದಿಲ್ಲ.

ನಾನು ಸರ್ಕಾರಿ ಶಾಲೆಯಲ್ಲಿ ಮುಖ್ಯ ಶಿಕ್ಷಕನಾಗಿದ್ದವನು. ನಮ್ಮ ರಾಜ್ಯದಲ್ಲಿ 2001ರಲ್ಲೇ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಬಂತು, ಆರ್‌ಟಿಇಗಿಂತ ಎಷ್ಟೋ ವರ್ಷ ಮೊದಲು. ಮುಖ್ಯ ಶಿಕ್ಷಕ ಮತ್ತು ಎಸ್‌ಡಿಎಂಸಿ ಅಧ್ಯಕ್ಷ ಇಬ್ಬರ ಜಂಟಿ ಖಾತೆ. ನಾನೊಬ್ಬನೇ ಸೀಮೆಸುಣ್ಣ ಕೊಳ್ಳಲೂ ಆಗುತ್ತಿರಲಿಲ್ಲ. ನಮ್ಮ ಅಧ್ಯಕ್ಷರು ಗಾರೆ ಕೆಲಸದವರು, ಸಹಿ ಬಿಟ್ಟರೆ ಬರೆಯಲು ಬಾರದು. ಆದರೆ ಪ್ರತಿ ಚೆಕ್ಕಿಗೂ 'ಇದು ಯಾತಕ್ಕೆ ಮೇಷ್ಟ್ರೇ' ಅಂತ ಕೇಳಿಯೇ ಸಹಿ ಹಾಕುತ್ತಿದ್ದರು. ಒಂದು ಸಲ ಪೇಂಟಿಂಗ್ ಕೊಟೇಶನ್ ನೋಡಿ, ಇಷ್ಟು ಗೋಡೆಗೆ ಇಷ್ಟು ಲೀಟರ್ ಬೇಡ ಅಂತ ವಾಪಸ್ ಕಳಿಸಿದರು. ಅವರು ಹೇಳಿದ್ದೇ ಸರಿಯಾಗಿತ್ತು. ಲೆಕ್ಕ ನೋಡಲು ಡಿಗ್ರಿ ಬೇಕಿಲ್ಲ, ಕೇಳುವ ಹಕ್ಕನ್ನು ಕಾಗದದ ಮೇಲೆ ಕೊಟ್ಟಿರಬೇಕು.

ಕತ್ರಿಗುಪ್ಪೆ_ಅಪ್ಪ

ಮೇಷ್ಟ್ರೇ, ಸರ್ಕಾರಿ ಶಾಲೆಯಲ್ಲೂ ಪೋಷಕರಿಂದ ತಿಂಗಳಿಗೆ 100 ರೂಪಾಯಿ ವಸೂಲಿ ಮಾಡಿ ಅಂತ ಆದೇಶ ಇತ್ತಲ್ಲ?

ನಿವೃತ್ತ_ಮೇಷ್ಟ್ರು

2022ರ ಅಕ್ಟೋಬರ್‌ನಲ್ಲಿ ಅಂಥ ಸುತ್ತೋಲೆ ಬಂದಿತ್ತು. ಇಷ್ಟ ಇದ್ದವರು ಎಸ್‌ಡಿಎಂಸಿಗೆ ದೇಣಿಗೆ ಕೊಡಬಹುದು ಅಂತ ಬರೆದಿದ್ದರು. ಜನ ಸುಮ್ಮನಿರಲಿಲ್ಲ. ಕೆಲವೇ ದಿನದಲ್ಲಿ ವಾಪಸ್ ತೆಗೆದುಕೊಂಡರು. ಒಳ್ಳೆಯದೇ ಆಯಿತು. ಕೂಲಿ ಮಾಡುವವರ ಮನೆಯಲ್ಲಿ 'ಇಷ್ಟ ಇದ್ದರೆ ಕೊಡಿ' ಅಂತ ಶಾಲೆಯಿಂದ ಹೇಳಿ ಕಳಿಸಿದರೆ ಅದು ಕಡ್ಡಾಯದ ಹಾಗೇ ಕೇಳಿಸುತ್ತದೆ.

ಪೀಣ್ಯ_ಅಮ್ಮ

ಮೇಷ್ಟ್ರ ಕೊನೆಯ ಮಾತಿಗೆ ನಂದೂ ಸೇರಿಸುತ್ತೇನೆ. ನಾನು ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತೇನೆ. ಮಗನಿಗೆ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಕೋಟಾದ ಉಚಿತ ಸೀಟು ಸಿಕ್ಕಿತ್ತು. ಎರಡು ವರ್ಷದ ಹಿಂದೆ ಅವನ ಕ್ಲಾಸ್ ಗ್ರೂಪಲ್ಲಿ ಪಿಟಿಎ ಚಂದಾ ಕೊಟ್ಟವರ ಪಟ್ಟಿ ಹಾಕಿದರು. ಕೊಟ್ಟವರ ಮುಂದೆ ಹಸಿರು ಟಿಕ್, ಕೊಡದವರ ಮುಂದೆ ಕೆಂಪು. ಕೆಂಪು ಇದ್ದಿದ್ದು ಮೂರೇ ಮಕ್ಕಳಿಗೆ. ಮೂರೂ ಆರ್‌ಟಿಇ ಮಕ್ಕಳು. ಮಾರನೇ ದಿನ ಮಗ ಶಾಲೆಗೆ ಹೋಗಲ್ಲ ಅಂತ ಕೂತ.

ಬೈಲಾ, ಖಾತೆ, ಸಹಿ ಎಲ್ಲಾ ಮಾಡಿ. ಅದಕ್ಕಿಂತ ಮೊದಲು ಇದೊಂದು ಬರೆಯಿರಿ. ಯಾರು ಕೊಟ್ಟರು, ಯಾರು ಕೊಡಲಿಲ್ಲ ಅನ್ನುವುದು ಖಜಾಂಚಿ ಬಿಟ್ಟು ಬೇರೆ ಯಾರಿಗೂ ಗೊತ್ತಾಗಬಾರದು. ಟೀಚರ್‌ಗೂ ಗೊತ್ತಾಗಬಾರದು. ಆಮೇಲೆ ಸಭೆಗಳನ್ನು ಯಾವಾಗಲೂ ಶನಿವಾರ ಬೆಳಿಗ್ಗೆ 11ಕ್ಕೆ ಇಡುತ್ತಾರೆ. ನಮಗೆ ಶನಿವಾರವೂ ಡ್ಯೂಟಿ. ನಾವು ಬರದ ಸಭೆಯಲ್ಲಿ 'ಎಲ್ಲರೂ ಒಪ್ಪಿದರು' ಅಂತ ಬರೆದುಕೊಳ್ಳುತ್ತಾರೆ.

ಟೀಚರ್_ಒಬ್ಬರು

ಓದಿ ತುಂಬಾ ನೋವಾಯಿತು ಅಕ್ಕ. ಆ ಪಟ್ಟಿ ಹಾಕಿ ಅಂತ ಎಷ್ಟೋ ಸಲ ನಮ್ಮ ಮೇಲೇ ಒತ್ತಡ ಬರುತ್ತದೆ. ಟೀಚರ್ ಕೈಯಲ್ಲಿ ಪಿಟಿಎ ದುಡ್ಡು ವಸೂಲಿ ಮಾಡಿಸುವುದೇ ತಪ್ಪು. ಬೆಳಿಗ್ಗೆ ಅಟೆಂಡೆನ್ಸ್ ಜೊತೆಗೆ ಕವರ್ ಎಣಿಸುತ್ತಾ ಕೂರುತ್ತೇವೆ. 50 ರೂಪಾಯಿ ಕಮ್ಮಿ ಬಂದರೆ ನಮ್ಮ ಜೇಬಿಂದ ಹಾಕುತ್ತೇವೆ. ನಿಯಮದಲ್ಲಿ ಬರೆಯಿರಿ, ಶಿಕ್ಷಕರು ಸಮಿತಿಯಲ್ಲಿ ಇರಬಹುದು, ಮತ ಹಾಕಬಹುದು, ದುಡ್ಡು ಮಾತ್ರ ಮುಟ್ಟುವ ಹಾಗಿಲ್ಲ ಅಂತ.

ಹೊಸಕೆರೆಹಳ್ಳಿಯವ

ಸರಿ, 21ನೇ ಸೆಕ್ಷನ್ ಬಿಡಿ. ಖಾಸಗಿ ಶಾಲೆಯಾದರೆ ಡೊನೇಷನ್ ಕಡ್ಡಾಯ ಮಾಡಬಹುದಾ? ಅದಕ್ಕಾದರೂ ಕಾನೂನು ಇದೆಯಲ್ಲ?

ಲೆಕ್ಕಿಗ_ಮಲ್ಲೇಶ್ವರ

ಅದಕ್ಕೆ ಇದೆ. ಅದೇ ಕಾಯ್ದೆಯ 13ನೇ ಸೆಕ್ಷನ್. ಸೇರಿಸಿಕೊಳ್ಳುವಾಗ, ಪ್ರಕಟಿಸಿದ ಶುಲ್ಕ ಬಿಟ್ಟು ಬೇರೆ ದೇಣಿಗೆ ವಸೂಲಿ ಮಾಡಿದರೆ ಅದು ಕ್ಯಾಪಿಟೇಶನ್ ಶುಲ್ಕ. ತೆಗೆದುಕೊಂಡಿದ್ದರ ಹತ್ತು ಪಟ್ಟಿನವರೆಗೆ ದಂಡ. ಇದು ಖಾಸಗಿ ಶಾಲೆಗೂ ಅನ್ವಯ. ಹಾಗಾಗಿ ಅಡ್ಮಿಷನ್ ಚೀಟಿಯಲ್ಲಿ 'ಪಿಟಿಎ 600' ಅಂತ ಸೇರಿಸಿ ಕಟ್ಟಿಸಿಕೊಳ್ಳುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ. ಚಂದಾ ಬೇರೆ, ಶುಲ್ಕ ಬೇರೆ. ಚಂದಾ ಇಷ್ಟ ಇದ್ದವರು ಕೊಡುವುದು.

ಯಲಹಂಕ_7ಬಿ

ಇಷ್ಟ ಇದ್ದವರು ಅಂದರೆ ಅರ್ಧ ಜನ ಕೊಡುವುದಿಲ್ಲ. ಆಮೇಲೆ ವಾರ್ಷಿಕೋತ್ಸವದಲ್ಲಿ ಎಲ್ಲರ ಮಕ್ಕಳಿಗೂ ತಿಂಡಿ ಪ್ಯಾಕೆಟ್ ಬೇಕು. ಅದು ಹೇಗೆ ಸರಿ?

ಪೀಣ್ಯ_ಅಮ್ಮ

ಮಕ್ಕಳ ತಿಂಡಿ ಪ್ಯಾಕೆಟ್ ಲೆಕ್ಕ ಹಾಕುವ ಮಟ್ಟಕ್ಕೆ ಬರಬೇಡಿ ದಯವಿಟ್ಟು.

ಜೆಪಿನಗರ_ತಂದೆ

ನನ್ನ ಅಭಿಪ್ರಾಯ ಬೇರೆ. ಪಿಟಿಎ ಕೈಯಲ್ಲಿ ದುಡ್ಡೇ ಇರಬಾರದು. ದುಡ್ಡು ಇರುವ ಕಡೆ ಜಗಳ ಬರುತ್ತದೆ. ಪೋಷಕರು ಮತ್ತು ಶಿಕ್ಷಕರು ಕೂತು ಮಾತಾಡಬೇಕಾಗಿರುವುದು ಮಕ್ಕಳ ಓದಿನ ಬಗ್ಗೆ, ಬಸ್ಸಿನ ಬಗ್ಗೆ, ಶೌಚಾಲಯದಲ್ಲಿ ನೀರು ಬರುತ್ತದಾ ಅನ್ನುವುದರ ಬಗ್ಗೆ. ನಮ್ಮ ಹಿಂದಿನ ಶಾಲೆಯಲ್ಲಿ ಮೂರು ಸಭೆ ಪೂರ್ತಿ ಟೀ ಶರ್ಟ್ ಬಣ್ಣ ಮತ್ತು ರೇಟಿನಲ್ಲೇ ಮುಗಿದವು. ಕಾರ್ಯಕ್ರಮ ಬಂದಾಗ ಅದಕ್ಕೆ ಎಷ್ಟು ಬೇಕೋ ಅಷ್ಟು ಎತ್ತಿ, ಖರ್ಚು ಮಾಡಿ, ಅವತ್ತೇ ಲೆಕ್ಕ ಹಾಕಿ ಮುಚ್ಚಿಬಿಡಿ. ಮುಂದಿನ ವರ್ಷಕ್ಕೆ ಶಿಲ್ಕು, ಅಂದರೆ ಬಾಕಿ ದುಡ್ಡೇ ಉಳಿಯಬಾರದು.

ಲೆಕ್ಕಿಗ_ಮಲ್ಲೇಶ್ವರ

ಸಣ್ಣ ಶಾಲೆಯಾದರೆ ನೀವು ಹೇಳಿದ್ದು ಚೆನ್ನಾಗಿದೆ. 400 ಮಕ್ಕಳಿದ್ದಲ್ಲಿ ವರ್ಷಕ್ಕೆ ಆರೇಳು ಸಲ ವಸೂಲಿ ಮಾಡಬೇಕಾಗುತ್ತದೆ. ಪ್ರತಿ ಸಲ ಕೊಡಲಾಗದವರು ಮತ್ತೆ ಮುಜುಗರಪಡಬೇಕು. ವರ್ಷಕ್ಕೊಂದು ಸಲ ಸಾಕು. ಉಳಿಸುವ ಶಿಲ್ಕಿಗೆ ಮಾತ್ರ ಒಂದು ಮಿತಿ ಹಾಕಿ.

ಅಪಾರ್ಟ್‌ಮೆಂಟ್_ಖಜಾಂಚಿ

ನೋಂದಣಿ ಮಾಡಿಸಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960. ಏಳು ಜನ ಸದಸ್ಯರಿದ್ದರೆ ಸಾಕು. ವರ್ಷಕ್ಕೊಂದು ಸರ್ವ ಸದಸ್ಯರ ಸಭೆ, ಆಡಿಟ್ ಆದ ಲೆಕ್ಕ, ಆಡಳಿತ ಮಂಡಳಿಯ ಪಟ್ಟಿ ಇವೆಲ್ಲ ನೋಂದಣಾಧಿಕಾರಿಗೆ ಕೊಡಬೇಕು. ಯಾರಾದರೂ ಲೆಕ್ಕ ಕೊಡದೆ ಕೂತರೆ ಮೂರನೇ ಒಂದು ಭಾಗ ಸದಸ್ಯರು ಸೇರಿ ವಿಚಾರಣೆ ಕೇಳಬಹುದು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇದೇ ಕಾಯ್ದೆಯಿಂದ ನಮಗೆ ಹಳೆಯ ಲೆಕ್ಕ ಸಿಕ್ಕಿತು.

ಜೆಪಿನಗರ_ತಂದೆ

ಅಪಾರ್ಟ್‌ಮೆಂಟ್ ಸಂಘ ಈ ಕಾಯ್ದೆಯಲ್ಲೇ ಇರಬೇಕಾ, 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಲ್ಲಾ? ನಮ್ಮಲ್ಲಿ ಇದೇ ಜಗಳ ನಡೆಯುತ್ತಿದೆ.

ಅಪಾರ್ಟ್‌ಮೆಂಟ್_ಖಜಾಂಚಿ

ಅದಕ್ಕೆ ಬೇರೆ ಚರ್ಚೆ ಶುರು ಮಾಡಿ ಸರ್, ಬೆಂಗಳೂರಿನ ಅರ್ಧ ಅಪಾರ್ಟ್‌ಮೆಂಟಿನವರು ಬರುತ್ತಾರೆ. ಇಲ್ಲಿ ಬೇಡ.

ಲೆಕ್ಕಿಗ_ಮಲ್ಲೇಶ್ವರ

ನೋಂದಣಿಗೆ ನನ್ನ ವಿರೋಧ ಇಲ್ಲ. ಆದರೆ ಮೊದಲ ವರ್ಷವೇ ಬೇಡ. ಅಪಾರ್ಟ್‌ಮೆಂಟಿನವರು ಅಲ್ಲೇ ಇರುತ್ತಾರೆ. ಪೋಷಕರು ಮಗು ಹತ್ತನೇ ಕ್ಲಾಸ್ ಮುಗಿಸಿದ ತಕ್ಷಣ ಹೋಗುತ್ತಾರೆ. ಎರಡು ವರ್ಷ ಪಟ್ಟಿ, ಆಡಿಟ್ ಸಲ್ಲಿಸುವುದು ತಪ್ಪಿದರೆ ಮುಂದೆ ಬರುವವರಿಗೆ ಅದೇ ದೊಡ್ಡ ತಲೆನೋವು. ಒಂದು ವರ್ಷ ನಿಯಮದ ಪ್ರಕಾರ ನಡೆಸಿ ತೋರಿಸಿ, ಆಮೇಲೆ ಸಭೆಯಲ್ಲಿ ತೀರ್ಮಾನ ಮಾಡಿ.

ಪುಣೆಯಿಂದ_ವಾಪಸ್

ಮಹಾರಾಷ್ಟ್ರದಲ್ಲಿ ಖಾಸಗಿ ಶಾಲೆಗಳಿಗೂ ಪಿಟಿಎ ಕಾನೂನಿನಲ್ಲೇ ಇದೆ. 2011ರ ಶುಲ್ಕ ನಿಯಂತ್ರಣ ಕಾಯ್ದೆ. ಅಲ್ಲಿ ಕಾರ್ಯಕಾರಿ ಸಮಿತಿಗೆ ಪೋಷಕರನ್ನು ಲಾಟರಿ ಎತ್ತಿ ಆರಿಸುತ್ತಾರೆ, ಪ್ರತಿ ತರಗತಿಯಿಂದ ಒಬ್ಬರು. ಪ್ರಿನ್ಸಿಪಾಲ್‌ಗೆ ಬೇಕಾದವರು ಮಾತ್ರ ಬರುವ ಹಾಗಿಲ್ಲ. ನನ್ನ ಹೆಂಡತಿ ಹೆಸರು ಒಂದು ವರ್ಷ ಬಂದಿತ್ತು. ಸಭೆಯಲ್ಲಿ ಆಟೋ ಓಡಿಸುವವರೂ ಇದ್ದರು, ಡಾಕ್ಟರೂ ಇದ್ದರು. ಮಾತು ತುಂಬಾ ನೇರವಾಗಿ ನಡೆಯುತ್ತಿತ್ತು.

ಕತ್ರಿಗುಪ್ಪೆ_ಅಪ್ಪ

ಲಾಟರಿ ಐಡಿಯಾ ಸೂಪರ್. ಚಪ್ಪಾಳೆ ತಟ್ಟಿ ಆರಿಸುವುದಕ್ಕಿಂತ ಸಾವಿರ ಪಾಲು ವಾಸಿ.

ನಿವೃತ್ತ_ಮೇಷ್ಟ್ರು

ಸಮಿತಿಗೆ ಲಾಟರಿ ಆಗಬಹುದು. ಖಜಾಂಚಿಗೆ ಬೇಡ. ಲೆಕ್ಕ ಬರೆಯುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಸಮಿತಿಯವರು ತಮ್ಮೊಳಗೆ ಒಬ್ಬರನ್ನು ಮತ ಹಾಕಿ ಆರಿಸಲಿ.

ವಿಜಯನಗರ_ಅಂಗಡಿ

ಎಲ್ಲಕ್ಕೂ ಬಿಲ್ ಬೇಕು ಅನ್ನುತ್ತೀರಿ. ಸ್ಟೇಜಿಗೆ ಹೂವು ಕೆ.ಆರ್. ಮಾರ್ಕೆಟ್‌ನಿಂದ ತರುತ್ತಾರೆ, ಬೆಳಿಗ್ಗೆ ಐದಕ್ಕೆ. ಅಲ್ಲಿ ಯಾರು ಬಿಲ್ ಕೊಡುತ್ತಾರೆ? ಲಗೇಜ್ ಆಟೋದವನು ಕೊಡುತ್ತಾನಾ? ಬಿಲ್ ಇಲ್ಲ ಅಂತ ತಂದವರಿಗೆ ದುಡ್ಡು ಕೊಡದಿದ್ದರೆ ಮುಂದಿನ ವರ್ಷ ಯಾರೂ ಮುಂದೆ ಬರುವುದಿಲ್ಲ.

ಲೆಕ್ಕಿಗ_ಮಲ್ಲೇಶ್ವರ

ಒಳ್ಳೆಯ ಪ್ರಶ್ನೆ. ಅದಕ್ಕೇ ವೋಚರ್ ಇರುವುದು. ತಾರೀಕು, ಏನು ಕೊಂಡಿದ್ದು, ಎಷ್ಟು, ಯಾರಿಗೆ ಕೊಟ್ಟಿದ್ದು, ತಂದವರ ಸಹಿ, ಜೊತೆಗೆ ಹೋದ ಇನ್ನೊಬ್ಬರ ಸಹಿ. ಅವೆನ್ಯೂ ರೋಡಲ್ಲಿ ವೋಚರ್ ಪುಸ್ತಕ, ನಂಬರ್ ಹಾಕಿದ ರಸೀದಿ ಪುಸ್ತಕ ಎರಡೂ ಸಿಗುತ್ತವೆ. ಬಿಲ್ ಇಲ್ಲದ ಖರ್ಚಿಗೆ ಒಂದು ಮಿತಿ ಇರಲಿ, ಒಂದು ಬಾಬತ್ತಿಗೆ 1,000 ಅಂತ ಇಟ್ಟುಕೊಳ್ಳಿ. ಶಾಮಿಯಾನ, ಸೌಂಡು, ಟ್ರೋಫಿ ಇವಕ್ಕೆಲ್ಲ ಬಿಲ್ ಕೊಡಲೇಬೇಕು. ಕಚ್ಚಾ ಚೀಟಿ ನಡೆಯುವುದಿಲ್ಲ.

ಇನ್ನೊಂದು. ಇಬ್ಬರ ಸಹಿಯ ಖಾತೆಯಿಂದ ಯುಪಿಐನಲ್ಲಿ ದುಡ್ಡು ಕಳಿಸಲು ಸಾಮಾನ್ಯವಾಗಿ ಆಗುವುದಿಲ್ಲ. ಚೆಕ್ ಬರೆಯಬೇಕು. ಇಲ್ಲವೇ ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ಒಪ್ಪುವ ನೆಟ್ ಬ್ಯಾಂಕಿಂಗ್ ಕೇಳಿ, ಕರೆಂಟ್ ಖಾತೆಗೆ ಕೊಡುತ್ತಾರೆ. ಸಣ್ಣಪುಟ್ಟದಕ್ಕೆ ಖಜಾಂಚಿ ಕೈಯಲ್ಲಿ 5,000 ಮುಂಗಡ ಇರಲಿ. ಅದರ ಲೆಕ್ಕ ಕೊಟ್ಟ ಮೇಲೇ ಮುಂದಿನ 5,000. ಯಾರಾದರೂ 5,000ಕ್ಕಿಂತ ಜಾಸ್ತಿ ನಗದು ತೆಗೆದುಕೊಂಡು ರಸೀದಿ ಕೊಟ್ಟರೆ 1 ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಿ ಸಹಿ ಹಾಕಿಸಿಕೊಳ್ಳಿ.

ಯಲಹಂಕ_7ಬಿ

ಸ್ಮಾರ್ಟ್ ಬೋರ್ಡ್ ಬಗ್ಗೆ ಯಾರೂ ಮಾತಾಡಲಿಲ್ಲ. ಮಕ್ಕಳಿಗೇ ತಾನೇ ಅನುಕೂಲ? ಕೊಟ್ಟರೆ ಏನು ತಪ್ಪು? ದುಡ್ಡು ಸುಮ್ಮನೆ ಖಾತೆಯಲ್ಲಿ ಕೂತಿದೆ.

ಟೀಚರ್_ಒಬ್ಬರು

ಪಾಠಕ್ಕೆ ಬೇಕಾದ ಬೋರ್ಡ್, ಬೆಂಚು, ಲ್ಯಾಬ್ ಇವೆಲ್ಲ ಶಾಲೆ ಶುಲ್ಕದಿಂದ ಮಾಡಬೇಕಾದ ಕೆಲಸ. ನಾನು ಶಾಲೆಯ ಒಳಗಿದ್ದೇ ಹೇಳುತ್ತಿದ್ದೇನೆ. ಒಂದು ಸಲ ಪಿಟಿಎ ಬೋರ್ಡ್ ಕೊಡಿಸಿದರೆ ಮುಂದಿನ ವರ್ಷ ಅದರ ರಿಪೇರಿಯೂ ಪಿಟಿಎ ಮೇಲೆ ಬರುತ್ತದೆ. ಅದರ ಮುಂದಿನ ವರ್ಷ ಸಿಸಿಟಿವಿ. ಬೋರ್ಡ್ ಯಾರ ಆಸ್ತಿ ಅನ್ನುವ ಪ್ರಶ್ನೆಯೂ ಇದೆ. ಶಾಲೆ ಕಟ್ಟಡ ಬದಲಾಯಿಸಿದರೆ?

ಜೆಪಿನಗರ_ತಂದೆ

ಶುಲ್ಕ ಕಟ್ಟುವುದು ಸಾಲದು ಅಂತ ಇದನ್ನೂ ನಾವೇ ಕೊಡಬೇಕಾ? ಡೇರಾ ಅಂತ ಜಿಲ್ಲಾ ಶಿಕ್ಷಣ ನಿಯಂತ್ರಣ ಪ್ರಾಧಿಕಾರ ಇದೆಯಲ್ಲ, ಅಲ್ಲಿ ಕೇಳಬಹುದಾ?

ಲೆಕ್ಕಿಗ_ಮಲ್ಲೇಶ್ವರ

ಜಿಲ್ಲಾ ಮಟ್ಟದ ಪ್ರಾಧಿಕಾರ ಇದೆ. ಆದರೆ ಅನುದಾನರಹಿತ ಶಾಲೆಗಳ ಶುಲ್ಕದ ವಿಷಯದಲ್ಲಿ 2023ರ ಜನವರಿಯಲ್ಲಿ ಹೈಕೋರ್ಟ್ ಸರ್ಕಾರದ ಅಧಿಕಾರಕ್ಕೆ ಕಡಿವಾಣ ಹಾಕಿದೆ. ಈ ಸಣ್ಣ ವಿಷಯಕ್ಕೆ ಅಲ್ಲಿಗೆ ಓಡಬೇಡಿ. ಪಿಟಿಎ ದುಡ್ಡು ಪ್ರಿನ್ಸಿಪಾಲ್ ಅವರದ್ದಲ್ಲ, ಅಧ್ಯಕ್ಷೆಯದ್ದೂ ಅಲ್ಲ. ಪ್ರಿನ್ಸಿಪಾಲ್ ಲಿಖಿತವಾಗಿ ಕೇಳಲಿ, ಕೊಟೇಶನ್ ಇಡಲಿ, ಸಭೆ ಮತ ಹಾಕಲಿ. ಬಹುಮತ ಬಂದರೆ ಕೊಡಿ, ಇಲ್ಲದಿದ್ದರೆ ಇಲ್ಲ. ನೀವೊಬ್ಬರೇ ಹೌದು ಅನ್ನಬೇಡಿ, ನೀವೊಬ್ಬರೇ ಇಲ್ಲ ಅಂತಲೂ ಅನ್ನಬೇಡಿ.

ಬನಶಂಕರಿ_ಪೋಷಕಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಸಂಜೆ ಹಿಂದಿನ ಅಧ್ಯಕ್ಷೆಯ ಬೊಟೀಕ್‌ಗೆ ಹೋಗಿ ಮಾತಾಡಿದೆ. ಮೊದಲು ಮುಖ ಗಂಟಿಕ್ಕಿಕೊಂಡೇ ಇದ್ದರು. ವ್ಯಾಪಾರದ ಲೆಕ್ಕಕ್ಕೆ ತೊಂದರೆ ಆಗಬಹುದು ಅಂದಾಗ ಕೂರಿಸಿ ಕೇಳಿದರು. ಸ್ಟೇಟ್‌ಮೆಂಟ್ ಕೊಡಲು ಒಪ್ಪಿದ್ದಾರೆ. ಹಳೆಯ ಬಿಲ್‌ಗಳು ಒಂದು ಬ್ಯಾಗಲ್ಲಿ ಇವೆಯಂತೆ, ಕೆಲವು ಸಿಗುತ್ತಿಲ್ಲ.

ನಿಯಮದ ಕರಡು ಬರೆದಿದ್ದೇನೆ. ಮುಖ್ಯವಾದವು ಇಲ್ಲಿ ಹಾಕುತ್ತೇನೆ, ತಿದ್ದಿ.

ಪ್ರತಿ ತರಗತಿಯಿಂದ ಒಬ್ಬ ಪೋಷಕರನ್ನು ಲಾಟರಿಯಲ್ಲಿ ಆರಿಸುವುದು, ಜೊತೆಗೆ ಮೂವರು ಶಿಕ್ಷಕರು. ಪ್ರಿನ್ಸಿಪಾಲ್ ಸಭೆಗೆ ಬರುತ್ತಾರೆ, ಖಾತೆಗೆ ಸಹಿ ಇಲ್ಲ. ಪದಾಧಿಕಾರಿಗಳು ಒಂದು ವರ್ಷ, ಮತ್ತೆ ಆರಿಸಿದರೆ ಇನ್ನೊಂದು ವರ್ಷ, ಆಮೇಲೆ ಬಿಡಬೇಕು. ಮೂವರಲ್ಲಿ ಇಬ್ಬರ ಸಹಿ. 10,000ದವರೆಗಿನ ಖರ್ಚಿಗೆ ಸಮಿತಿ ಸಾಕು, ಅದಕ್ಕಿಂತ ಜಾಸ್ತಿಗೆ ಮೂರು ಕೊಟೇಶನ್, 50,000 ದಾಟಿದರೆ ಎಲ್ಲಾ ಪೋಷಕರ ಸಭೆ. ಪದಾಧಿಕಾರಿಗಳ ಸಂಬಂಧಿಕರಿಂದ ಏನೂ ಕೊಳ್ಳುವಂತಿಲ್ಲ. ಚಂದಾ ಕಡ್ಡಾಯ ಅಲ್ಲ, ಕೊಡದವರ ಹೆಸರು ಎಲ್ಲೂ ಹಾಕುವಂತಿಲ್ಲ. ಮೂರು ತಿಂಗಳಿಗೊಮ್ಮೆ ಜಮಾ ಖರ್ಚು ನೋಟಿಸ್ ಬೋರ್ಡಿನಲ್ಲಿ ಮತ್ತು ಗ್ರೂಪಲ್ಲಿ. ಸರ್ವ ಸದಸ್ಯರ ಸಭೆಗೆ ಕೋರಂ (ಕನಿಷ್ಠ ಹಾಜರಿ) 100 ಜನ.

ಕತ್ರಿಗುಪ್ಪೆ_ಅಪ್ಪ

ಕೋರಂ 100 ಜಾಸ್ತಿ ಆಯಿತು. ವಾರ್ಷಿಕೋತ್ಸವ ಬಿಟ್ಟರೆ 100 ಪೋಷಕರು ಎಲ್ಲಿ ಬರುತ್ತಾರೆ? ಸಭೆ ಮುಂದಕ್ಕೆ ಹಾಕುತ್ತಲೇ ಇರಬೇಕಾಗುತ್ತದೆ. 40 ಇಡಿ.

ಪೀಣ್ಯ_ಅಮ್ಮ

40 ಮಾಡಿದರೆ ಅದೇ ಮುಂದಿನ ಸಾಲಿನವರು ಬಂದು ತೀರ್ಮಾನ ಮಾಡುತ್ತಾರೆ. ಭಾನುವಾರ ಇಡಿ, 100 ಜನ ಬರುತ್ತಾರೆ. ಒಂದು ಸಲ ಇಟ್ಟು ನೋಡಿ.

ನಿವೃತ್ತ_ಮೇಷ್ಟ್ರು

ಮಧ್ಯದ ದಾರಿ ಇದೆ. ಮಾಮೂಲಿ ವಿಷಯಕ್ಕೆ 40. ನಿಯಮ ತಿದ್ದುವುದಕ್ಕೆ, 50,000 ದಾಟಿದ ಖರ್ಚಿಗೆ 100. ಸಭೆಯ ನೋಟಿಸ್ ಹತ್ತು ದಿನ ಮೊದಲು ಮಗುವಿನ ಡೈರಿಯಲ್ಲಿ ಹೋಗಬೇಕು. ಗ್ರೂಪಲ್ಲಿ ಹಾಕಿದರೆ ಸಾಲದು. ನಡಾವಳಿ ಕನ್ನಡದಲ್ಲೂ ಇರಲಿ.

ಪುಣೆಯಿಂದ_ವಾಪಸ್

ನಡಾವಳಿ ಕನ್ನಡದಲ್ಲಿ ಬರೆದರೆ ಬೇರೆ ರಾಜ್ಯದಿಂದ ಬಂದ ಪೋಷಕರಿಗೆ ಕಷ್ಟ ಆಗುವುದಿಲ್ಲವಾ? ನಮ್ಮ ಕ್ಲಾಸಲ್ಲಿ ಅರ್ಧ ಜನ ಹಾಗೇ ಇದ್ದಾರೆ.

ನಿವೃತ್ತ_ಮೇಷ್ಟ್ರು

ಕನ್ನಡದಲ್ಲೂ ಅಂದೆ, ಕನ್ನಡದಲ್ಲಿ ಮಾತ್ರ ಅನ್ನಲಿಲ್ಲ. ಎರಡೂ ಇರಲಿ. ಇಂಗ್ಲಿಷ್ ಬಾರದ ತಾಯಿ ತನ್ನ 600 ರೂಪಾಯಿ ಎಲ್ಲಿ ಹೋಯಿತು ಅಂತ ಓದಲು ಆಗಬೇಕು.

ಟೀಚರ್_ಒಬ್ಬರು

ವಾಟ್ಸಾಪ್ ಗ್ರೂಪನ್ನೂ ನಿಯಮದಲ್ಲಿ ಸೇರಿಸಿ. ಅಡ್ಮಿನ್ ಯಾರಾಗಿರಬೇಕು, ಅಧಿಕಾರ ಬಿಡುವಾಗ ಅಡ್ಮಿನ್ ಹಕ್ಕು ಯಾರಿಗೆ ಕೊಡಬೇಕು ಅಂತ. ಪಾಸ್‌ಬುಕ್, ಚೆಕ್‌ಬುಕ್ ಜೊತೆಗೆ ಅದೂ ಹಸ್ತಾಂತರ ಆಗಬೇಕು. ಪ್ರಶ್ನೆ ಕೇಳಿದಾಗ ಗ್ರೂಪ್ ಮುಚ್ಚುವ ಹಾಗಿಲ್ಲ ಅಂತ ಸ್ಪಷ್ಟವಾಗಿ ಬರೆಯಿರಿ.

ಬನಶಂಕರಿ_ಪೋಷಕಿ

ಖಂಡಿತ ಸೇರಿಸುತ್ತೇನೆ. ಲೆಕ್ಕಿಗ ಸರ್, ಹಳೆಯ ಬಿಲ್ ಸಿಗದ ಖರ್ಚನ್ನು ಏನು ಮಾಡಲಿ? ಅದಕ್ಕೇ ಮತ್ತೆ ಜಗಳ ಆಗಬಾರದು.

ಲೆಕ್ಕಿಗ_ಮಲ್ಲೇಶ್ವರ

ಅದನ್ನು ಬೇರೆ ಪುಟದಲ್ಲಿ ಬರೆಯಿರಿ. ಖರ್ಚು ಏನು, ಅಂದಾಜು ತಾರೀಕು, ಮೊತ್ತ, ಸ್ಟೇಟ್‌ಮೆಂಟಿನಲ್ಲಿ ಪಾವತಿ ಕಾಣುತ್ತದಾ ಇಲ್ವಾ. ಪಾವತಿ ಕಂಡರೆ ಆ ಶಾಮಿಯಾನದವರಿಗೋ ಸೌಂಡಿನವರಿಗೋ ಫೋನ್ ಮಾಡಿ ನಕಲು ಬಿಲ್ ಕೇಳಿ, ಕೊಡುತ್ತಾರೆ. ಉಳಿದಿದ್ದಕ್ಕೆ ಹಿಂದಿನ ಅಧ್ಯಕ್ಷೆಯ ಸಹಿ ಇರುವ ಹೇಳಿಕೆ ತೆಗೆದುಕೊಂಡು ಸಭೆಯ ಮುಂದೆ ಇಡಿ. ಸಭೆ ಒಪ್ಪಿದರೆ ಠರಾವು ಬರೆದು ಆ ವರ್ಷಗಳ ಲೆಕ್ಕ ಮುಚ್ಚಿ. ಮತ್ತೆ ಮತ್ತೆ ಕೆದಕಬೇಡಿ.

ಉಳಿದ ದುಡ್ಡನ್ನು ಅವರು ಕ್ಯಾಶಲ್ಲಿ ಕೊಡಬಾರದು. ಹೊಸ ಖಾತೆಗೆ ಬ್ಯಾಂಕಿನಿಂದ ಬ್ಯಾಂಕಿಗೇ ಬರಲಿ, ವಿವರದಲ್ಲಿ 'ಪಿಟಿಎ ಹಳೆಯ ಶಿಲ್ಕು' ಅಂತ ಹಾಕಿಸಿ. ಅದನ್ನೇ ಕ್ಯಾಶ್ ಬುಕ್ಕಿನ ಮೊದಲ ಸಾಲಲ್ಲಿ ಆರಂಭ ಶಿಲ್ಕು ಅಂತ ಬರೆಯಿರಿ. ಅಲ್ಲಿಯವರೆಗೆ ಈ ವರ್ಷದ ಚಂದಾ ವಸೂಲಿ ಶುರು ಮಾಡಬೇಡಿ.

ಯಲಹಂಕ_7ಬಿ

ಬನಶಂಕರಿ ಮೇಡಂ, ಆ ಕರಡು ಪೂರ್ತಿ ಫೈಲ್ ಇದ್ದರೆ ಇಲ್ಲಿ ಹಾಕುತ್ತೀರಾ? ನಮ್ಮಲ್ಲಿ ಮುಂದಿನ ತಿಂಗಳು ಸಭೆ ಇದೆ. ಗ್ರೂಪಿಂದ ತೆಗೆದರಲ್ಲ ಆ ತಂದೆ, ಅವರ ಜೊತೆ ಮಾತಾಡುತ್ತೇನೆ.

ಬನಶಂಕರಿ_ಪೋಷಕಿ

ಕೋರಂ ತಿದ್ದಿ, ವಾಟ್ಸಾಪ್ ವಿಷಯ ಸೇರಿಸಿ ಭಾನುವಾರ ಹಾಕುತ್ತೇನೆ. ಕನ್ನಡದ್ದೂ ಇಂಗ್ಲಿಷಿನದ್ದೂ ಎರಡೂ.